ಇದು ಸರ್ಪಸುತ್ತಲ್ಲ, ಅಳಿಯಾ

ಪೆರ್ಲ, ಕಾಸರಗೋಡು

ಚಿ. ಪ್ರಶಾಂತನಿಗೆ ಮಾವನ ಆಶೀರ್ವಾದಗಳು.

ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟಾಯಿತು. ಮಳೆ ಮಾತ್ರ ಬಿಡುವ ಲಕ್ಷಣ ಇಲ್ಲ. ನಿನ್ನ ಮೆಸೇಜು ಓದಿದೆ. ರೂಮಿನ ಗೆಳೆಯನಿಗೆ ಮೂತ್ರದ ಜಾಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ, ಉರಿ, ಜೊತೆಗೆ ಜ್ವರ. ಸರ್ಪಸುತ್ತು ಇರಬೇಕು, ನಮ್ಮ ಕಡೆ ಅದಕ್ಕೆ ಮದ್ದು ಕೊಡುವವರು ಇದ್ದಾರಾ ಅಂತ ಕೇಳಿದ್ದೀಯ. ಆ ಗೆಳೆಯ ಯಾರು ಅಂತ ನಾನು ಕೇಳುವುದಿಲ್ಲ. ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸದಲ್ಲಿದ್ದಾಗ ಇಂಥ ಗೆಳೆಯರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ.

ಮದ್ದು ಕೊಡುವವರು ಇದ್ದಾರೆ. ಆದರೆ ಅಲ್ಲಿಗೆ ಕಳಿಸಬೇಡ. ಸರ್ಪಸುತ್ತು ಬರುವುದು ಹಿಂದೆ ಯಾವಾಗಲೋ ಬಂದುಹೋದ ಚಿಕನ್‌ಪಾಕ್ಸ್ ವೈರಸ್ಸಿನಿಂದ. ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಏಳುತ್ತದೆ. ನೀನು ಬರೆದದ್ದು ನೋಡಿದರೆ ಇದು ಜನನಾಂಗದ ಹರ್ಪಿಸ್ ಅನ್ನಿಸುತ್ತದೆ. ಎರಡೂ ಒಂದೇ ಕುಟುಂಬದ ವೈರಸ್ಸು, ದಾರಿ ಮಾತ್ರ ಬೇರೆ. ಇದು ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ತಾಗಿ ಬರುತ್ತದೆ.

ಇಲ್ಲೊಂದು ಮೋಸ ಇದೆ ನೋಡು. ಮೊದಲ ಸಲದ ಹುಣ್ಣು ಎರಡರಿಂದ ನಾಲ್ಕು ವಾರದಲ್ಲಿ ತನ್ನಷ್ಟಕ್ಕೇ ಮಾಯುತ್ತದೆ. ಮಂತ್ರ ಹಾಕಿಸಿದವನು ಮಂತ್ರದಿಂದ ಅನ್ನುತ್ತಾನೆ, ಸೊಪ್ಪು ಅರೆದು ಹಚ್ಚಿದವನು ಸೊಪ್ಪಿನಿಂದ ಅನ್ನುತ್ತಾನೆ. ವೈರಸ್ಸು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಸೊಂಟದ ಕೆಳಗಿನ ನರಗಳ ಬುಡದಲ್ಲಿ ಸುಮ್ನೆ ಕೂತಿರುತ್ತದೆ. ಕೆಲವರಿಗೆ ಮತ್ತೆ ಮತ್ತೆ ಏಳುತ್ತದೆ, ಹೆಚ್ಚಾಗಿ ಅದೇ ಜಾಗದ ಸುತ್ತಮುತ್ತ. ಏಳುವ ಮೊದಲು ಜುಮುಜುಮು, ತುರಿಕೆ, ಕಾಲಿನ ಕಡೆಗೊಂದು ಸೆಳೆತ. ವರ್ಷ ಕಳೆದಂತೆ ಈ ಕಾಟ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಸೋಂಕು ಇರುವ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಬ್ಲೇಡ್ ತಾಗಿದ್ದು, ಬೆವರುಸಾಲೆ ಅಂತ ಬಿಟ್ಟುಬಿಡುತ್ತಾರೆ. ಗುಳ್ಳೆ ಇಲ್ಲದಾಗಲೂ ಚರ್ಮದಿಂದ ವೈರಸ್ಸು ಹೊರಬರಬಹುದು. ಸಾಮಾನ್ಯವಾಗಿ ತಾಗಿದ 2ರಿಂದ 12 ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಕೆಲವರಿಗೆ ಮೊದಲ ಗುಳ್ಳೆ ವರ್ಷಗಳ ನಂತರ ಏಳುವುದೂ ಉಂಟು. ಹಾಗಾಗಿ ಯಾರಿಂದ ಬಂತು ಅಂತ ಜಗಳಕ್ಕೆ ನಿಲ್ಲುವುದು ದಂಡ. ತುಟಿಯಲ್ಲಿ ಗುಳ್ಳೆ ಏಳಿಸುವ, ಹರ್ಪಿಸ್‌ನ ಒಂದನೇ ಬಗೆಯ ವೈರಸ್ಸು ಕೂಡ ಬಾಯಿಯ ಸಂಪರ್ಕದಿಂದ ಕೆಳಗೆ ಬರಬಹುದು. ಕಕ್ಕಸಿನ ಸೀಟಿನಿಂದ ಬಂತು, ಕೆರೆಯಲ್ಲಿ ಮುಳುಗಿದ್ದರಿಂದ ಬಂತು ಅನ್ನುವುದೆಲ್ಲ ಮನೆಯವರಿಗೆ ಹೇಳುವ ಕಥೆ ಅಷ್ಟೆ.

ಎಸೈಕ್ಲೊವಿರ್ ಅಂತ ಮಾತ್ರೆ ಇದೆ. ಅದು ಹುಟ್ಟಿದ ಪ್ರಯೋಗಾಲಯವನ್ನು ನಡೆಸುತ್ತಿದ್ದ ಗರ್ಟ್ರೂಡ್ ಎಲಿಯಾನ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿತು, ಹಂಚಿಕೊಂಡದ್ದು. ಈ ಮಾತ್ರೆ ವೈರಸ್ಸನ್ನು ಬೇರುಸಮೇತ ಕೀಳುವುದಿಲ್ಲ, ಆದರೆ ಬೇಗ ಶುರುಮಾಡಿದರೆ ನೋವೂ ದಿನಗಳೂ ಕಡಿಮೆಯಾಗುತ್ತವೆ. ಮೆಡಿಕಲ್‌ನವನು ಕೊಡುವ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ಅದರಷ್ಟು ಹಾಳು ಮಾಡುವ ವಸ್ತು ಇನ್ನೊಂದಿಲ್ಲ.

ಬೆಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್, ಅಂದರೆ ಲೈಂಗಿಕ ಸೋಂಕುಗಳನ್ನು ನೋಡುವ ವಿಭಾಗ, ಎಲ್ಲಿ ಅಂತ ಕೇಳಲಿ. ನಮ್ಮ ಕೇರಳದಲ್ಲಿ ಅದನ್ನೇ ಪುಲರಿ ಅನ್ನುತ್ತಾರೆ. ವಿಚಾರಿಸಲು ಸರಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ಕಾಸು ಬೇಡ. ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಒಟ್ಟಿಗೆ ಮಾಡಿಸಲಿ. ಈ ಜಾಗದ ಹುಣ್ಣೆಲ್ಲ ಹರ್ಪಿಸ್ ಆಗಬೇಕಂತಿಲ್ಲ. ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಾಗುವ ಅಪಾಯವೂ ಜಾಸ್ತಿ.

ಇನ್ನು ಜಾಗ್ರತೆಯ ವಿಷಯ. ಜುಮುಜುಮು ಶುರುವಾದಾಗಿನಿಂದ ಹುಣ್ಣು ಪೂರ್ತಿ ಒಣಗುವವರೆಗೆ ಸಂಪರ್ಕ ಬೇಡವೇ ಬೇಡ. ಉಳಿದ ದಿನಗಳಲ್ಲಿ ಕಾಂಡೋಮ್. ಅದು ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ, ಯಾಕೆಂದರೆ ಅದು ಮುಚ್ಚದ ಚರ್ಮದಿಂದಲೂ ಹರಡಬಹುದು. ಪದೇ ಪದೇ ಏಳುವವರಿಗೆ ಡಾಕ್ಟರು ದಿನಾ ತೆಗೆದುಕೊಳ್ಳುವ ಮಾತ್ರೆ ಬರೆಯುತ್ತಾರೆ. ಅದರಿಂದ ಸಂಗಾತಿಗೆ ಹರಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲಸಿಕೆ ಇನ್ನೂ ಬಂದಿಲ್ಲ.

ಅಕ್ಕ ಹುಡುಗಿ ನೋಡುವ ಮಾತು ಎತ್ತಿದ್ದಾಳೆ. ನಿನ್ನ ಗೆಳೆಯನ ಮನೆಯಲ್ಲೂ ಎತ್ತಿರಬಹುದು, ಅಲ್ವಾ? ಜಾತಕ ಕೊಡುವ ಮನೆಗೆಲ್ಲ ಹೇಳಿಕೊಂಡು ಬರಬೇಕಾಗಿಲ್ಲ. ಆದರೆ ಕೈಹಿಡಿಯುವ ಹುಡುಗಿಗೆ ಮದುವೆಗೆ ಮೊದಲೇ ಹೇಳಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಾಗಿದರೆ ಹೆರಿಗೆಯಲ್ಲಿ ಮಗುವಿಗೆ ದಾಟಿ ಜೀವಕ್ಕೇ ಕಷ್ಟವಾಗಬಹುದು. ಗೊತ್ತಿದ್ದರೆ ಜಾಗ್ರತೆ ಮಾಡಬಹುದು. ಹೆರಿಗೆ ಹೊತ್ತಿಗೆ ಹುಣ್ಣಿದ್ದರೆ ಡಾಕ್ಟರು ಆಪರೇಷನ್ ಮಾಡುತ್ತಾರೆ. ಮದುವೆಗೂ ಮಕ್ಕಳಿಗೂ ಇದರಿಂದ ಅಡ್ಡಿಯಿಲ್ಲ.

ನಾಳೆಯೇ ರಜೆ ಹಾಕಿ ತೋರಿಸಲಿ. ಗುಳ್ಳೆ ಹಸಿ ಇದ್ದರೆ ಮಾತ್ರ ಅದರ ನೀರು ತೆಗೆದು ಸರಿಯಾಗಿ ಪರೀಕ್ಷಿಸಬಹುದು, ಒಣಗಿದರೆ ಕಷ್ಟ. ಅಕ್ಕನ ಕಿವಿಗೆ ಇದು ಬೀಳುವುದಿಲ್ಲ. ರಿಪೋರ್ಟು ಬಂದ ಮೇಲೆ ಫೋನ್ ಮಾಡು, ರಾತ್ರಿ ಒಂಬತ್ತರ ನಂತರ. ಆಗ ನಿನ್ನ ಅತ್ತೆ ಸೀರಿಯಲ್ ನೋಡುತ್ತಿರುತ್ತಾಳೆ.

ಇತಿ,
ನಿನ್ನ ಮಾವ