ಶಾಸಕರೇ, ನಮ್ಮವ್ವನ ಉಳಿದ ಐದು ಪರ್ಸೆಂಟ್ ಎಲ್ಲೈತ್ರಿ?

ಶಾಸಕ ಸಾಹೇಬ್ರಿಗೆ ನಮಸ್ಕಾರ್ರಿ,

ನಾ ಸಿಂಧನೂರು ತಾಲೂಕಿನಾವ, ರೈಸ್ ಮಿಲ್‌ನಾಗ ಲೆಕ್ಕ ಬರೀತೀನಿ, ಪಗಾರ 14 ಸಾವಿರ. ನಮ್ಮವ್ವಗ 74 ವರ್ಷ, ಲಕ್ವಾ ಹೊಡೆದು ಎರಡೂವರೆ ವರ್ಷ ಆತು, ಬಲಗೈ ಬಲಗಾಲು ಹೋದ್ವು, ಮಾತೂ ಹೋತು. ಇಷ್ಟು ದಿನ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ, ಹೋದ ವಾರ ಆಗಿದ್ದು ಮಾತ್ರ ತಡಕೊಳ್ಳಾಕ ಆಗವಲ್ದು.

ಅಂಗವಿಕಲ ಸರ್ಟಿಫಿಕೇಟ್ ಮಾಡಿಸ್ರಿ ಪಿಂಚಣಿ ಜಾಸ್ತಿ ಆಗತೈತಿ ಅಂತ ಯಾರೋ ಹೇಳಿದ್ರು. ಅರ್ಜಿ ಹಾಕಿ, ಮಿಲ್‌ಗೆ ರಜಾ ಹೇಳಿ, 1800 ಕೊಟ್ಟು ಗಾಡಿ ಮಾಡಿ ಅವ್ವನ್ನ ಚಾದರದಾಗ ಎತ್ತಿಕೊಂಡು ಆಸ್ಪತ್ರಿಗೆ ಹೋದ್ವಿ. ಮೂರು ತಾಸು ವರಾಂಡದಾಗ ಮಲಗಿಸಿದ್ವಿ, ಅಲ್ಲೇ ನನ್ನ ಹೆಂಡ್ತಿ ಡೈಪರ್ ಬದಲಿ ಮಾಡಿದ್ಲು, ನಾ ಟವೆಲ್ ಅಡ್ಡ ಹಿಡಕೊಂಡು ನಿಂತಿದ್ದೆ, ಜನ ಓಡಾಡ್ತಿದ್ರು. ಕಡೀಕ ಬರೆದುಕೊಟ್ಟಿದ್ದು 70 ಪರ್ಸೆಂಟ್. 75 ಆದ್ರ ತಿಂಗಳ ಪಿಂಚಣಿ 1400, ಕಮ್ಮಿ ಆದ್ರ 800, ನಿಮಗ ಗೊತ್ತಿದ್ದಿದ್ದೇ. ವಯಸ್ಸಾದೋರ ಪಿಂಚಣಿ ಸಂಧ್ಯಾ ಸುರಕ್ಷಾದಾಗ ಈಗ್ಲೇ 1200 ಬರತೈತಿ, ಎರಡೂ ಕೊಡಂಗಿಲ್ಲ. ಅಂದ್ರ ಅಡ್ಡಾಡೋ ಅವ್ವಗ 1200, ಹಾಸಿಗಿ ಹಿಡಿದ ಅವ್ವಗ 800! ಭಾಳ ಚಲೋ ಲೆಕ್ಕ ಸರ್, ನಮ್ಮ ಮಿಲ್‌ನಾಗ ಹಿಂಗ ಬರೆದ್ರ ಅವತ್ತೇ ಕೆಲಸದಿಂದ ತೆಗೀತಾರ. ಯಾಕ್ರಿ 70 ಅಂತ ಕೇಳಿದ್ರ ಆಸ್ಪತ್ರಿಯವ್ರು "ವಯಸ್ಸಾದ ಮ್ಯಾಲ ಇದೆಲ್ಲ ಇದ್ದಿದ್ದೇ" ಅಂದ್ರು.

ಡೈಪರ್ ದಿನಕ್ಕ ಮೂರು, ತಿಂಗಳಿಗೆ 3 ಸಾವಿರದ ಮ್ಯಾಲ. ಗುಳಿಗಿ ಬ್ಯಾರೆ, ಫಿಸಿಯೋಥೆರಪಿಯವ್ರು ಬ್ಯಾರೆ, ಬೆನ್ನಿಗೆ ಹುಣ್ಣಾಗಬಾರ್ದು ಅಂತ ಏರ್ ಬೆಡ್ಡು (ಕರೆಂಟ್ ಹೋದ್ರ ಅದೂ ಮಲಗತೈತಿ, ಆ ಪತ್ರ ಇನ್ನೊಂದ್ ಸಲ ಬರೀತೀನಿ). ಗೃಹಲಕ್ಷ್ಮಿ 2000 ಬಂದ್ರ ನೇರ ಮೆಡಿಕಲ್ ಶಾಪಿಗೆ. ನನ್ನ ಹೆಂಡ್ತಿ ಭತ್ತ ನಾಟಿಗೆ, ಹತ್ತಿ ಬಿಡಿಸಾಕ ಹೋಗ್ತಿದ್ಲು, ಆ ಕೂಲಿ ಪೂರಾ ನಿಂತೈತಿ, ಅದನ್ನ ಯಾರೂ ಖರ್ಚಿನಾಗ ಹಿಡಿಯಂಗಿಲ್ಲ. ಆಯುಷ್ಮಾನ್ ಕಾರ್ಡ್ 5 ಲಕ್ಷ ಅಂತೀರಿ, ಅದು ಆಸ್ಪತ್ರಿಯಾಗ ಅಡ್ಮಿಟ್ ಆದಾಗಿನ ಇಲಾಜಿಗೆ, ಮನಿಗೆ ಕರಕೊಂಡು ಬಂದ ಮ್ಯಾಲ ಒಂದು ಡೈಪರಿಗೂ ಬರಂಗಿಲ್ಲ.

ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿ ಇದ್ದೋರನ್ನ ನೋಡಿಕೊಳ್ಳೋರಿಗೆ ತಿಂಗಳಿಗೆ 1000 ಅಂತ 2024ರ ಬಜೆಟ್‌ನಾಗ ಹೇಳಿದ್ರಲ್ಲ, ಅವರಿಗೆ ಸಿಗ್ಲಿ, ನಮಗೇನು ಹೊಟ್ಟಿಕಿಚ್ಚಿಲ್ಲ. ಲಕ್ವಾ ಹೊಡೆದೋರ ಮನಿಯವ್ರು ಏನ್ ಪಾಪ ಮಾಡ್ಯಾರ? ನಾ ಕೇಳೋದು ಇದೊಂದೇ, ಹಾಸಿಗಿ ಹಿಡಿದ ಮುದುಕರು ಯಾರ ಮನಿಯಾಗ ಅದಾರ ಆ ಮನಿಗೆ ಆರೈಕೆ ದುಡ್ಡು ಕೊಡ್ರಿ, ರೋಗದ ಹೆಸರು ನೋಡಬ್ಯಾಡ್ರಿ.

2023ರ ಎಲೆಕ್ಷನ್‌ನಾಗ 80 ದಾಟಿದೋರು ಮನಿಯಾಗ ಕುಂತೇ ಓಟ್ ಹಾಕಬೋದು ಅಂತ ಚುನಾವಣಾ ಆಯೋಗದವ್ರು ಮಾಡಿದ್ರು, ನಮ್ಮ ಓಣಿ ಅಜ್ಜಿ ಕಡೆ ಪೆಟ್ಟಿಗಿ, ಆಫೀಸರು, ವಿಡಿಯೋದಾವ ಎಲ್ಲಾರೂ ಬಂದಿದ್ರು. ಓಟಿಗೆ ಮನಿ ಬಾಗಿಲು ಗೊತ್ತಾಗತೈತಿ, ಪರ್ಸೆಂಟ್ ನೋಡೋ ಡಾಕ್ಟರಿಗೆ ಗೊತ್ತಾಗಂಗಿಲ್ಲೇನ್ರಿ?

ಆರೈಕೆ ದುಡ್ಡಿನ ಬಗ್ಗೆ ವಿಧಾನಸೌಧದಾಗ ಒಂದು ಪ್ರಶ್ನೆ ಕೇಳ್ರಿ ಸಾಹೇಬ್ರ, ಒಂದೇ. ಅವ್ವನ್ನ ನೋಡಾಕ ಬರಂಗಿದ್ರ ಮಧ್ಯಾಹ್ನ ಬರ್ರಿ, ಮುಂಜಾನೆ ಆಕೀನ್ನ ತೊಳೆಯೋ ಹೊತ್ತು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ