ಹಣೆ ಇಳಿಸಲು ಬರುವ ಹುಡುಗರು: ಮಗಳಿಗೊಂದು ಪತ್ರ

ಕುಮಟಾ, ಮಂಗಳವಾರ

ಪುಟ್ಟಿ,

ಇವತ್ತು ಅಂಗಡಿಗೆ ರಜೆ. ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲಿಕ್ಕೆ ಹೋದರೆ ಅರ್ಧ ಮಾತು ನನ್ನ ಗಂಟಲಲ್ಲೇ ಉಳಿಯುತ್ತದೆ ಅಂತ ನಿನಗೆ ಗೊತ್ತೇ ಇದೆ.

ಭಾನುವಾರ ನೀನು ಹುಬ್ಬಳ್ಳಿಯಿಂದ ಮಾತಾಡಿ, ಕೂದಲು ನೆಡುವ ಕ್ಲಿನಿಕ್ಕಿನಲ್ಲಿ ಬಂದವರನ್ನು ಮಾತಾಡಿಸುವ ಕೆಲಸ ಸಿಕ್ಕಿತು ಅಂದಾಗ ನಾನು 'ಒಳ್ಳೇದಾಯ್ತು ಮಗಾ' ಅಂದು ಫೋನನ್ನು ಆಯಿಗೆ ಕೊಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು. ನರ್ಸಿಂಗ್ ಮುಗಿಸಿದ ಮಗಳಿಗೆ ಕೆಲಸ ಸಿಕ್ಕಿದರೆ ಯಾವ ಅಪ್ಪನಿಗೆ ಖುಷಿ ಆಗುವುದಿಲ್ಲ ಹೇಳು. ಆದರೆ ನೀನು ಮಧ್ಯದಲ್ಲಿ ಒಂದು ಮಾತು ಹೇಳಿದೆ. ಒಂದು ವಾರ ಟ್ರೇನಿಂಗಿಗೆ ಕೂತಿದ್ದೆ ಅಪ್ಪಾ, ಹೇರ್ ಟ್ರಾನ್ಸ್‌ಪ್ಲಾಂಟಿಗೆ ಬರುವವರಲ್ಲಿ ಬೋಳಾದವರಿಗಿಂತ ಇಪ್ಪತ್ತು ಇಪ್ಪತ್ತೆರಡರ ಹುಡುಗರೇ ಜಾಸ್ತಿ, ಹಣೆ ಅಗಲ ಕಾಣುತ್ತದೆ, ಕೂದಲಿನ ಗೆರೆ ಕೆಳಗೆ ತಂದುಕೊಡಿ ಅಂತಾರೆ, ಒಬ್ಬರನ್ನು ಒಪ್ಪಿಸಿದರೆ ನನಗೆ ಇಷ್ಟು ಅಂತ ಬೇರೆ ಕೊಡುತ್ತಾರೆ, ಅಂತ. ಆ ಮಾತು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ.

ಗಿಬ್ ಸರ್ಕಲ್ ಹತ್ತಿರ ಕಟಿಂಗ್ ಅಂಗಡಿ ಇಟ್ಟು 31 ವರ್ಷ ಆಯ್ತು. ಒಂದೇ ತಲೆಯನ್ನು ಇಪ್ಪತ್ತೈದು ವರ್ಷ ಬಿಡದೆ ನೋಡುವುದು ಡಾಕ್ಟರಿಗೂ ಸಿಗುವುದಿಲ್ಲ, ನಮಗೆ ಸಿಗುತ್ತದೆ. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿ, ಅಳು ನಿಲ್ಲಿಸಲು ಚಾಕ್ಲೇಟ್ ಕೊಟ್ಟು ಕೂದಲು ತೆಗೆದ ಹುಡುಗರು ಈಗ ತಮ್ಮ ಮಕ್ಕಳನ್ನು ಅದೇ ಹಲಗೆ ಮೇಲೆ ಕೂರಿಸಲು ಕರೆತರುತ್ತಾರೆ. ಹಾಗಾಗಿ ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಚಿಕ್ಕ ಹುಡುಗನಿಗೆ ಹುಬ್ಬು ಮೇಲೆತ್ತು ಅನ್ನು. ಹಣೆಯಲ್ಲಿ ಗೆರೆ ಬೀಳುತ್ತದಲ್ಲ, ಎಲ್ಲಕ್ಕಿಂತ ಮೇಲಿನ ಗೆರೆಯ ಹತ್ತಿರವೇ ಅವನ ಕೂದಲು ಶುರುವಾಗುತ್ತದೆ. ಮೀಸೆ ಬಂದ ಮೇಲೆ ಅದು ನಿಧಾನಕ್ಕೆ ಮೇಲೆ ಸರಿಯುತ್ತದೆ. ಒಂದು ಬೆರಳಿನಷ್ಟು, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಎರಡು ಮೂಲೆಗಳು ಸ್ವಲ್ಪ ಒಳಗೆ ಹೋಗುತ್ತವೆ. 17ಕ್ಕೆ ಶುರುವಾಗಿ 27-28ರ ಹೊತ್ತಿಗೆ ತುಂಬಾ ಜನರಿಗೆ ಅಲ್ಲೇ ನಿಲ್ಲುತ್ತದೆ. ಧ್ವನಿ ಒಡೆದ ಹಾಗೆ, ಭುಜ ಅಗಲವಾದ ಹಾಗೆ ಇದೂ ಒಂದು. ಇದಕ್ಕೆ ಯಾರೂ ಔಷಧಿ ಮಾಡುತ್ತಿರಲಿಲ್ಲ.

ಕೆಲವರಿಗೆ ನಿಲ್ಲುವುದಿಲ್ಲ, ಅದೂ ನಿಜ. 21ರ ಹುಡುಗನ ಹಣೆ ನೋಡಿ, ಇವನದು ನಿಲ್ಲುತ್ತದೋ ಹೋಗುತ್ತದೋ ಅಂತ ಖಚಿತವಾಗಿ ಹೇಳಲು ನನಗಂತೂ ಇವತ್ತಿಗೂ ಆಗುವುದಿಲ್ಲ. ಹೇಳಿದ್ದೆ ಒಮ್ಮೆ. ಅದನ್ನೇ ನಿನಗೆ ಹೇಳಬೇಕು.

ಹೆಸರು ಬೇಡ, ನಿನಗೆ ಗೊತ್ತಿರುವ ಹುಡುಗನೇ. ಎಂಟು ವರ್ಷದ ಕೆಳಗೆ, ಅವನಿಗೆ ಆಗ 21, ಕಟಿಂಗ್ ಮಾಡುತ್ತ ಮಾಡುತ್ತ ನಾನು 'ಏನೋ ಮಾರಾಯ, ಹಣೆ ದೊಡ್ಡ ಆಗ್ತಾ ಇದೆಯಲ್ಲ' ಅಂದೆ. ಸುಮ್ನೆ ಅಂದಿದ್ದು. ದಿನಕ್ಕೆ ಹತ್ತು ಜನರಿಗೆ ಹೀಗೆ ಏನಾದರೂ ಅನ್ನುತ್ತಿರುತ್ತೇವೆ. ಅವನು ನಗಲಿಲ್ಲ. ಕಟಿಂಗ್ ಮುಗಿದ ಮೇಲೆ ಕನ್ನಡಿ ಮುಂದೆ ನಿಂತು ಕೈಯಿಂದ ಕೂದಲು ಹಿಂದೆ ಸರಿಸಿ ನೋಡಿಕೊಂಡ, ಮತ್ತೆ ನೋಡಿಕೊಂಡ, ಹೋದ. ಮೂರು ತಿಂಗಳ ನಂತರ ಅವನ ತಾಯಿಯ ಸರ ಅಡವಿಟ್ಟು ದೂರದ ಊರಿಗೆ ಹೋಗಿ ಮಾಡಿಸಿಕೊಂಡು ಬಂದ. 2,800 ಗ್ರಾಫ್ಟ್, ಅಂದರೆ ತಲೆಯ ಹಿಂದಿನಿಂದ ಬುಡಸಮೇತ ಕಿತ್ತ ಕೂದಲಿನ ಅಷ್ಟು ಸಣ್ಣ ಸಣ್ಣ ಗುಚ್ಛ. ಎಲ್ಲವನ್ನೂ ಮುಂದೆಯೇ ನೆಟ್ಟಿದ್ದರು. ಗೆರೆ ಎಷ್ಟು ಕೆಳಗೆ ಬೇಕು ಅಂತ ಅವನನ್ನೇ ಕೇಳಿದರಂತೆ. ಅವನು ಶಾಲೆಯ ಫೋಟೋ ತೋರಿಸಿದನಂತೆ, ಹತ್ತನೇ ಕ್ಲಾಸಿನದು. ಹಾಗೇ ಮಾಡಿಕೊಟ್ಟರು. ಬೇಡ ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಮೊದಲ ಎರಡು ವರ್ಷ ಚೆಂದ ಕಂಡ, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಗೆರೆಯ ಹಿಂದಿನ ಅವನದೇ ಕೂದಲು ಹೋಗಲಿಕ್ಕೆ ಶುರುವಾಯಿತು. ಈಗ 29. ಮುಂದೆ ಬೇಲಿ ಹಾಕಿದ ಹಾಗೆ ಒಂದು ಸಾಲು ನಿಂತಿದೆ, ಅದರ ಹಿಂದೆ ಖಾಲಿ. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ, ಭಾನುವಾರ ಬೆಳಿಗ್ಗೆ, ನಾನು ಶಟರ್ ಪೂರ್ತಿ ಎತ್ತುವ ಮುಂಚೆ. ಟೋಪಿ ತೆಗೆಯುವುದು ಕುರ್ಚಿಯಲ್ಲಿ ಕೂತ ಮೇಲೆಯೇ. ಅವನ ಕೂದಲನ್ನು ಹೇಗೆ ಬಾಚಿದರೆ ಕಾಣುವುದಿಲ್ಲ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಅವನು ನನ್ನನ್ನು ಒಂದು ದಿನವೂ ದೂರಿಲ್ಲ, ಆದರೆ ನನಗೆ ಅವನ ಮುಖವನ್ನು ಕನ್ನಡಿಯಲ್ಲಿ ನೋಡುವುದು ಕಷ್ಟ.

ಹೋದ ವರ್ಷ ಅವನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ನನಗೂ ಕುರ್ಚಿ ಕೊಟ್ಟು ಕೂರಿಸಿ ತಿಳಿಸಿ ಹೇಳಿದರು. ಗಂಡಸರ ಹಾರ್ಮೋನಿನಿಂದ ಹುಟ್ಟುವ ಡಿಎಚ್‌ಟಿ ಅನ್ನುವುದು ಹಣೆ ಮತ್ತು ನೆತ್ತಿಯ ಕೂದಲಿನ ಬುಡವನ್ನು ವರ್ಷ ಹೋದ ಹಾಗೆ ಸಣ್ಣದು ಮಾಡುತ್ತದಂತೆ. ತಲೆಯ ಹಿಂಭಾಗದ ಬುಡಗಳಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೆ ಹಿಂಭಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ. ಇದನ್ನು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಕ್ ಅನ್ನುವ ಡಾಕ್ಟರು 1959ರಲ್ಲೇ ಬರೆದು ತೋರಿಸಿದ್ದಾರೆ, ಇವತ್ತಿನ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ ಅಂದರು. ಅಂದರೆ ನೆಟ್ಟದ್ದು ಉಳಿಯಿತು, ಹುಟ್ಟಿನಿಂದ ಇದ್ದದ್ದು ತನ್ನ ದಾರಿ ಹಿಡಿಯಿತು. ಹುಡುಗನ ತಲೆಯಲ್ಲಿ ಆದದ್ದು ಇಷ್ಟೇ.

ನಿನ್ನ ಅಜ್ಜನ ಗದ್ದೆ ನೆನಪಿದೆಯಲ್ಲ. ಅಗೆ ಕಿತ್ತು ನೆಟ್ಟಿ ಮಾಡಿದ ಹಾಗೆಯೇ ಇದು. ಆದರೆ ಅಗೆ ಹಾಕಿದ ಗದ್ದೆಗೆ ಬರುವ ವರ್ಷ ಮತ್ತೆ ಬೀಜ ಹಾಕಬಹುದು. ಇಲ್ಲಿ ಒಮ್ಮೆ ಕಿತ್ತ ಬುಡ ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಇಡೀ ಜೀವಮಾನಕ್ಕೆ ಸುಮಾರು ಆರು ಸಾವಿರ ಗ್ರಾಫ್ಟ್ ತೆಗೆಯಬಹುದು, ಕೆಲವರಿಗೆ ಇನ್ನೂ ಕಮ್ಮಿ. ಅದರಲ್ಲಿ ಅರ್ಧಕ್ಕರ್ಧವನ್ನು 21ರಲ್ಲೇ, ಎರಡು ಬೆರಳು ಹಣೆ ಮುಚ್ಚಲು ಸುರಿದುಬಿಟ್ಟರೆ, 35ರಲ್ಲಿ ನೆತ್ತಿ ಖಾಲಿಯಾದಾಗ ಎಲ್ಲಿಂದ ತರುವುದು? ಇದನ್ನು ಆ ಹುಡುಗರಿಗೆ ಯಾರಾದರೂ ಬಿಡಿಸಿ ಹೇಳಬೇಕು ಅಲ್ವಾ? ಈಗ ಅವರ ಎದುರಿನ ಕುರ್ಚಿಯಲ್ಲಿ ನೀನು ಕೂತಿದ್ದೀಯ.

ಕೂದಲು ನೆಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಗಿರಾಕಿ ಮೇಷ್ಟ್ರು ಒಬ್ಬರು 44ಕ್ಕೆ ಮಾಡಿಸಿಕೊಂಡರು. ಅವರದು ಎಷ್ಟು ಹೋಗಬೇಕೋ ಅಷ್ಟು ಹೋಗಿ ನಿಂತಿತ್ತು. ಗೆರೆಯನ್ನು ವಯಸ್ಸಿಗೆ ತಕ್ಕ ಹಾಗೆ ಮೇಲೆಯೇ ಇಟ್ಟರು. ಈಗ ಬಾಚುವಾಗ ನನಗೇ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುಟ್ಟ ಗಾಯದ ಮೇಲೆ ಕೂದಲು ಬೇಕು ಅಂತ ಬರುವವರೂ ಇರುತ್ತಾರೆ, ಅವರಿಗೆ ಅದು ದೊಡ್ಡ ಉಪಕಾರ. ನನಗೆ ಚಿಂತೆ ಇರುವುದು ಈ ಚಿಕ್ಕ ಹುಡುಗರ ಬಗ್ಗೆ.

ಇವರು ಯಾಕೆ ಬರುತ್ತಾರೆ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಬೋಟು ಬಂದ್ ಇರುತ್ತದಲ್ಲ, ತದಡಿ, ಅಘನಾಶಿನಿ ಕಡೆಯ ಹುಡುಗರು ಮಧ್ಯಾಹ್ನವೆಲ್ಲ ನಮ್ಮ ಬೆಂಚಿನ ಮೇಲೆಯೇ. ಕೈಯಲ್ಲಿ ಮೊಬೈಲು. ಅದರಲ್ಲಿ ಒಂದರ ಹಿಂದೆ ಒಂದು, ಮೊದಲು ಹೀಗಿತ್ತು ಈಗ ಹೀಗಾಯಿತು ಅನ್ನುವ ವಿಡಿಯೋ. ನೋಡಿ ಮುಗಿಸಿ ಮುಂದಿನ ಕ್ಯಾಮೆರಾ ತೆರೆದು ತಮ್ಮ ಹಣೆ ನೋಡಿಕೊಳ್ಳುತ್ತಾರೆ. ಮೊಬೈಲನ್ನು ಅಷ್ಟು ಹತ್ತಿರ ಹಿಡಿದರೆ ಮುಖದ ಅಳತೆಯೇ ಬದಲಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ, ಒದ್ದೆ ತಲೆಯಲ್ಲಿ ಯಾರ ಕೂದಲೂ ತೆಳುವೇ. ಘಟ್ಟದ ಮೇಲಿನ ಹುಡುಗರದು ಇನ್ನೊಂದು ಕಥೆ. ಶಿರಸಿ, ಸಿದ್ದಾಪುರದ ಕಡೆ ತೋಟ ಇದ್ದರೂ ಹೆಣ್ಣು ಸಿಗುವುದಿಲ್ಲ. ನಾಲ್ಕು ಕಡೆ ಫೋಟೋ ಕಳಿಸಿ ನಾಲ್ಕೂ ಕಡೆಯಿಂದ ಉತ್ತರ ಬರದಿದ್ದರೆ, ಊರಲ್ಲಿ ಉಳಿದದ್ದು ಕಾರಣ ಅಂತ ಒಪ್ಪಿಕೊಳ್ಳುವುದಕ್ಕಿಂತ ಹಣೆ ಕಾರಣ ಅಂದುಕೊಳ್ಳುವುದು ಸುಲಭ, ಹಣೆಯನ್ನಾದರೂ ದುಡ್ಡು ಕೊಟ್ಟು ಸರಿ ಮಾಡಿಸಬಹುದಲ್ಲ. ಆ ಹುಡುಗರ ಸಂಕಟವನ್ನು ಹಗುರ ಮಾಡಬೇಡ. ಹಣೆ ಸರಿಯಾಗಿಯೇ ಇದೆ, ಮನೆಗೆ ಹೋಗು ಅಂತ ನಕ್ಕು ಕಳಿಸಿದರೆ ಅವನು ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಾನೆ, ಅಷ್ಟೇ. ಕೂತು ಮಾತಾಡು. ಯಾರು ಏನಂದರು ಅಂತ ಕೇಳು. ನನ್ನಂಥವನೊಬ್ಬ ಏನೋ ಅಂದಿರುತ್ತಾನೆ.

ಬಂದವನ ಹತ್ತಿರ ಪಿಯುಸಿ ಹಾಲ್ ಟಿಕೆಟ್ ಫೋಟೋ ತರಿಸು. ಈಗಿನದರ ಪಕ್ಕ ಇಟ್ಟು ನೋಡಿ. ಹುಟ್ಟಿನಿಂದಲೇ ಹಣೆ ಎತ್ತರ ಇದ್ದು ಹಾಗೇ ಇದ್ದರೆ ಅದು ಒಂದು ಬಗೆ, ವರ್ಷದಿಂದ ವರ್ಷಕ್ಕೆ ಸರಿಯುತ್ತಿದ್ದರೆ ಬೇರೆ ಬಗೆ. ಅಪ್ಪನ ತಲೆ ಹೇಗಿದೆ, ಸೋದರಮಾವನ ತಲೆ ಹೇಗಿದೆ ಕೇಳು. ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಅಂತ ಜನ ಹೇಳುತ್ತಾರೆ, ಎರಡೂ ಕಡೆಯಿಂದ ಬರುತ್ತದೆ. ನಾನು ಮೂರು ತಲೆಮಾರಿನ ತಲೆ ನೋಡಿದ್ದೇನೆ. ಡಾಕ್ಟರು ಮಸೂರ ಇಟ್ಟು ಗೆರೆಯ ಹಿಂದಿನ ಕೂದಲು ಸಣ್ಣ ಆಗಿದೆಯಾ ನೋಡಲಿ. ಆಗಿದ್ದರೆ ಮೊದಲು ಇರುವುದನ್ನು ಉಳಿಸಲು ಔಷಧಿ, ನೆಡುವುದು ಆಮೇಲಿನ ಮಾತು. ಮಿನಾಕ್ಸಿಡಿಲ್ ಹಚ್ಚುವುದು, ಫಿನಾಸ್ಟರೈಡ್ ಮಾತ್ರೆ ನುಂಗುವುದು, ಎರಡೂ ಬಿಟ್ಟರೆ ಬಂದ ಲಾಭ ಹೋಗುತ್ತದೆ, ಅದನ್ನು ಮೊದಲೇ ಹೇಳಬೇಕು. ಆ ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಮ್ಮಿಯಾಗುವುದು, ಮನಸ್ಸು ಕುಗ್ಗುವುದು ಇರುತ್ತದೆ. ಹುಡುಗರು ನಿನ್ನ ಹತ್ತಿರ ಕೇಳಲು ನಾಚುತ್ತಾರೆ, ಡಾಕ್ಟರ ಬಾಯಿಂದಲೇ ಹೇಳಿಸು.

ಇನ್ನೊಂದು. ಮೇ ತಿಂಗಳ ಮದುವೆಗೆ ಮಾರ್ಚಿನಲ್ಲಿ ಓಡಿ ಬರುವವರು ಇರುತ್ತಾರೆ. ನೆಟ್ಟ ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ. ಮತ್ತೆ ಹುಟ್ಟಲು ಮೂರು ನಾಲ್ಕು ತಿಂಗಳು, ಪೂರ್ತಿ ಕಾಣಲು ಒಂದು ವರ್ಷ. ಮಂಟಪದಲ್ಲಿ ಅವನು ಈಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತಾನೆ. ಏನು ಕೆಲಸ ಅಂತಲೂ ಕೇಳು. ಬೋಟಿಗೆ ಹೋಗುವವನಾದರೆ ಬಿಸಿಲು, ಬೆವರು, ಉಪ್ಪುನೀರಿನಿಂದ ಒಂದು ತಿಂಗಳಾದರೂ ದೂರ ಇರಬೇಕು, ಆ ತಿಂಗಳ ದುಡಿಮೆ ಯಾರು ಕೊಡುತ್ತಾರೆ?

ಈಗ ನಿನ್ನ ಬಗ್ಗೆ. ಇವತ್ತು ಮಾತಾಡಿಸುವ ಕೆಲಸ ಅಂದಿದ್ದಾರೆ, ನಾಳೆ ಜನ ಕಮ್ಮಿಯಾದಾಗ 'ನರ್ಸ್ ಅಲ್ವಾ, ಗ್ರಾಫ್ಟ್ ತೆಗಿ, ತೂತು ಹಾಕು' ಅಂದಾರು. ಒಪ್ಪಬೇಡ. ಯಾರು ಮಾಡಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ, ಅದಕ್ಕೇ ಕಲಿತ ಡಾಕ್ಟರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಅಂತ. 2025ರಲ್ಲಿ ಕಾನ್ಪುರದ ಸುದ್ದಿ ಬಂತಲ್ಲ, ಕೂದಲು ನೆಡಿಸಿಕೊಂಡ ಇಬ್ಬರು ಇಂಜಿನಿಯರ್‌ಗಳು ಸತ್ತದ್ದು. ಅದನ್ನು ಓದಿ ನಿನ್ನ ಆಯಿ ಊಟ ಬಿಟ್ಟಿದ್ದಳು. ನಾನು ಇಷ್ಟು ವರ್ಷ ಕತ್ತಿ ಹಿಡಿದಿದ್ದೇನೆ ಮಗಾ. ನನ್ನ ಕತ್ತಿ ಚರ್ಮದ ಮೇಲೆ ಹೋಗುತ್ತದೆ, ಒಳಗೆ ಇಳಿಯಬಾರದು. ನಿನ್ನ ಕೆಲಸಕ್ಕೂ ಅಂಥ ಒಂದು ಗೆರೆ ಇದೆ, ಅದು ಎಲ್ಲಿದೆ ಅಂತ ಮೊದಲ ದಿನವೇ ಕೇಳಿ ತಿಳಿದುಕೋ.

ಒಪ್ಪಿಸಿದ್ದಕ್ಕೆ ಕೊಡುವ ಆ ದುಡ್ಡಿನ ಮೇಲೆ ಲೆಕ್ಕ ಹಾಕಬೇಡ. ತಮ್ಮನ ಫೀಸು ನಾನು ನೋಡಿಕೊಳ್ಳುತ್ತೇನೆ, ಚೌತಿ ಹೊತ್ತಿಗೆ ಅಂಗಡಿಯಲ್ಲಿ ಒಳ್ಳೆ ವ್ಯಾಪಾರ ಆಗುತ್ತದೆ. ನಿನ್ನ ಸಂಬಳ ನಿನಗೆ ಸಾಕಾದರೆ ನನಗೂ ಸಾಕು. 25 ದಾಟಲಿ, ಆಮೇಲೆ ನೋಡೋಣ ಅಂತ ಒಬ್ಬ ಹುಡುಗನನ್ನು ವಾಪಸ್ ಕಳಿಸಿದ ದಿನ ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಮಾಡು.

ಕಡೆಗೆ ಒಂದು ಕೆಲಸ ಹೇಳುತ್ತೇನೆ. ಮಣಿಪಾಲದ ಡಾಕ್ಟರು, ಆ ಮುಂದಿನ ಸಾಲನ್ನು ಒಂದೊಂದಾಗಿ ತೆಗೆದು ಹಿಂದೆ ನೆಡಲು ಆಗುತ್ತದೆ, ಕೈ ಪಳಗಿದವರೇ ಬೇಕು ಅಂದಿದ್ದರು. ನಿಮ್ಮ ದೊಡ್ಡ ಡಾಕ್ಟರು ಅಂಥ ರಿಪೇರಿ ಕೆಲಸ ಎಷ್ಟು ಮಾಡಿದ್ದಾರೆ, ಒಮ್ಮೆ ನೋಡುತ್ತಾರಾ, ಕೇಳು. ಹುಡುಗನಿಗೆ ಇನ್ನೂ ಏನೂ ಹೇಳಿಲ್ಲ, ಸುಮ್ನೆ ಆಸೆ ಹುಟ್ಟಿಸುವುದು ಬೇಡ ಅಂತ. ಭಾನುವಾರ ಅವನು ಬರುತ್ತಾನೆ. ಶನಿವಾರದ ಒಳಗೆ ನೀನು ತಿಳಿಸಿದರೆ ಕುರ್ಚಿಯಲ್ಲಿ ಕೂತಾಗ ಹೇಳುತ್ತೇನೆ.

ನಿನ್ನ ಅಪ್ಪ