ಟರ್ಬೊ ಕಾರು: ಗಾಳಿಯ ಬಿಸಿ ಅಳೆಯುವ ಜಾಗ ಸರಿಯಿರಲಿ

ಮಾನ್ಯರೇ,

ಟರ್ಬೊ ಪೆಟ್ರೋಲ್ ಕಾರಿಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸುವವರು ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ಎಷ್ಟು ಏರಿತೆಂದು ಕೇಳುತ್ತಾರೆಯೇ ಹೊರತು, ಗಾಳಿಯ ಉಷ್ಣಾಂಶದ ಸೆನ್ಸರ್ ಎಲ್ಲಿದೆ ಎಂದು ಕೇಳುವುದಿಲ್ಲ. ಏರ್ ಫಿಲ್ಟರ್ ಪಕ್ಕದ ಸೆನ್ಸರ್ ಹೊರಗಿನ 35 ಡಿಗ್ರಿಯನ್ನಷ್ಟೇ ತೋರಿಸುತ್ತದೆ. ಟರ್ಬೊ ಒತ್ತಿದ ಗಾಳಿ ಅಷ್ಟರಲ್ಲಿ 100 ಡಿಗ್ರಿ ದಾಟಿರಬಹುದು. ಒತ್ತಡ, ಉಷ್ಣಾಂಶ ನೋಡಿ ಇಂಧನದ ಲೆಕ್ಕ ಹಾಕುವ ಇಸಿಯುಗೆ (ಎಂಜಿನ್ ಕಂಪ್ಯೂಟರ್) ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ದಾಟಿದ ಮೇಲಿನ, ಥ್ರಾಟಲ್‌ಗೆ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಮುಂಚಿನ ಅಳತೆಯೇ ಬೇಕು. ಅದೇ ಒತ್ತಡದಲ್ಲಿ ಗಾಳಿ 40ರಿಂದ 70 ಡಿಗ್ರಿಗೆ ಕಾದರೆ ಸಾಂದ್ರತೆ ಸುಮಾರು ಶೇ 9ರಷ್ಟು ಇಳಿಯುತ್ತದೆ. ಇದು ಇಸಿಯುಗೆ ತಿಳಿಯದಿದ್ದರೆ ಇಗ್ನಿಷನ್ ಹಿಂದೆ ಸರಿಯುವುದಿಲ್ಲ (ಕಿಡಿ ತಡವಾಗಿ ಹಾರುವುದಿಲ್ಲ), ನಾಕಿಂಗ್ (ಇಂಧನ ತಾನಾಗಿ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಶುರುವಾಗುತ್ತದೆ.

ಸೆನ್ಸರನ್ನು ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಲೋಹಕ್ಕೆ ಕೂರಿಸಿದರೆ ಇನ್ನೊಂದು ತೊಂದರೆ. ಸಿಗ್ನಲ್‌ನಲ್ಲಿ ನಿಂತಾಗ ಲೋಹವೇ ಕಾದು ಸೆನ್ಸರ್ ಸುಳ್ಳು ಬಿಸಿ ತೋರಿಸುತ್ತದೆ. ಇಸಿಯು ಇಂಧನ ಕಡಿಮೆ ಮಾಡಿ, ಹೊರಟ ಕೂಡಲೇ ಮಿಶ್ರಣ ತೆಳುವಾಗಿ ಎಳೆತ ಕುಗ್ಗುತ್ತದೆ. ತುದಿ ಗಾಳಿಯ ನಡುವೆ ಚಾಚಿರುವ, ಒಳಗಿನ ಪುಟ್ಟ ಮಣಿ ಕಣ್ಣಿಗೆ ಕಾಣುವ ತೆರೆದ ಮಾದರಿಯನ್ನೇ ಹಾಕಿಸಿ. ಹಿತ್ತಾಳೆ ಮುಚ್ಚಿದ್ದು ತೀರಾ ನಿಧಾನ. ಸೆನ್ಸರ್ ಬದಲಾದರೆ ಇಸಿಯುನಲ್ಲಿ ಅದರ ಓಮ್–ಉಷ್ಣಾಂಶದ ಕೋಷ್ಟಕವೂ (ಎಷ್ಟು ವಿದ್ಯುತ್ ರೋಧಕ್ಕೆ ಎಷ್ಟು ಬಿಸಿ ಎಂಬ ಪಟ್ಟಿ) ಬದಲಾಗಬೇಕು.

ಆನ್‌ಲೈನ್‌ನಲ್ಲಿ ‘ಪವರ್ ಚಿಪ್’ ಎಂದು ಮಾರುವ ಕೆಲವಂತೂ ಈ ಸೆನ್ಸರ್‌ನ ತಂತಿಗೆ ಸೇರಿಸುವ ಬರೀ ರೆಸಿಸ್ಟರ್ (ವಿದ್ಯುತ್ ರೋಧಕ). ಗಾಳಿ ತಣ್ಣಗಿದೆ ಎಂದು ಇಸಿಯುವನ್ನು ನಂಬಿಸುತ್ತವೆ. ಟರ್ಬೊ ಎಂಜಿನ್‌ಗೆ ಇವನ್ನು ದಯವಿಟ್ಟು ಹಾಕಿಸಬೇಡಿ, ನಾಕಿಂಗ್‌ನಿಂದ ಪಿಸ್ಟನ್ ಒಡೆದೀತು.

– ಓದುಗ, ಬೆಂಗಳೂರು